ಗಂಟು ಕಟ್ಟುವ ಮೊದಲು ಕೆಲಸ ಗಟ್ಟಿ ಮಾಡಿಕೊಳ್ಳಿ

(ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ನವಸಾಕ್ಷರರ ಮುಂದೆ ಮಾಡಿದ ಭಾಷಣ)



ನೀವೀಗ ಅಕ್ಷರ ಕಲಿತಿದ್ದೀರಿ. ನಿಮ್ಮ ಹೆಸರು ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಕೂಡುವ, ಕಳೆಯುವ ಲೆಕ್ಕ ಮಾಡುತ್ತೀರಿ. ಈ ವಿದ್ಯೆಯನ್ನು ಒಂದು ಮುಖ್ಯ ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ಇವತ್ತು ಮಾತಾಡೋಣ. ಆ ಕೆಲಸ ಯಾವುದು? ಬೇರೆ ರಾಜ್ಯಕ್ಕೆ ದುಡಿಯಲು ಹೋಗುವ ಮೊದಲು, ಊರಲ್ಲೇ ಕೂತು ಕೆಲಸ ಹುಡುಕುವುದು, ವಿಚಾರಿಸುವುದು, ಗಟ್ಟಿ ಮಾಡಿಕೊಳ್ಳುವುದು.

ಗುಳೆ ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಹೊಲದಲ್ಲಿ ಬೆಳೆ ಇಲ್ಲ, ಕೈಯಲ್ಲಿ ಕೆಲಸ ಇಲ್ಲ, ಮನೆಯಲ್ಲಿ ಮದುವೆ ಸಾಲ ಇದೆ ಅಂದಾಗ ಹೋಗಲೇಬೇಕಾಗುತ್ತದೆ. ಹೋಗುವುದಿದ್ದರೆ ತಿಳಿದು ಹೋಗೋಣ. ಇಷ್ಟೇ ನನ್ನ ಮಾತು.

ನಮ್ಮ ಕಡೆಯ ಗುಳೆ

ಗುಳೆ ನಮಗೆ ಹೊಸದಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಮೊದಲು ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಗೆ ಜನ ಪಾಲಮೂರು ಅನ್ನುತ್ತಾರೆ. ಅಣೆಕಟ್ಟು, ಕಾಲುವೆ, ರಸ್ತೆ ಎಂದು ದೊಡ್ಡ ಕೆಲಸ ನಡೆದ ಕಡೆಗೆಲ್ಲ ನಮ್ಮವರು ಹೋದರು. ಮಣ್ಣು ಹೊತ್ತರು, ಕಲ್ಲು ಒಡೆದರು. 'ಪಾಲಮೂರು ಲೇಬರ್' ಎಂಬ ಹೆಸರೇ ಬಿತ್ತು. 2016ರಲ್ಲಿ ಗದ್ವಾಲ್ ಬೇರೆ ಜಿಲ್ಲೆಯಾಯಿತು. 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಬದಲಾಯಿತು, ಗುಳೆ ಮಾತ್ರ ನಿಲ್ಲಲಿಲ್ಲ.

ಕೃಷ್ಣಾ ನದಿ ತೆಲಂಗಾಣಕ್ಕೆ ಕಾಲಿಡುವುದೇ ನಾರಾಯಣಪೇಟೆ ಜಿಲ್ಲೆಯ ತಂಗಡಿ ಹತ್ತಿರ. ಗದ್ವಾಲ್ ಕಡೆಯ ನೆಲ ಕೃಷ್ಣಾ, ತುಂಗಭದ್ರಾ ಎರಡು ನದಿಗಳ ನಡುವೆ ಇದೆ. ಅದಕ್ಕೇ ಅದಕ್ಕೆ ನಡಿಗಡ್ಡ ಅಂತಾರೆ. ಮಗ್ಗುಲಲ್ಲೇ ನದಿ ಹರಿದರೂ ಎಲ್ಲರ ಹೊಲಕ್ಕೂ ನೀರಿಲ್ಲ. ಮಳೆ ನಂಬಿದ ಮನೆಯವರು ಸುಗ್ಗಿ ಮುಗಿದ ಮೇಲೆ ಬೇರೆ ಕಡೆ ನೋಡುತ್ತಾರೆ. ಯುಗಾದಿಗೋ ಮುಂಗಾರಿಗೋ ಮರಳಿ ಬರುತ್ತಾರೆ.

ಬೇರೆ ರಾಜ್ಯ ಅಂದರೆ ನಮಗೆ ಬಹಳ ದೂರವೂ ಅಲ್ಲ. ಕೃಷ್ಣಾ ಸೇತುವೆ ದಾಟಿದರೆ ಕರ್ನಾಟಕದ ರಾಯಚೂರು ಜಿಲ್ಲೆ. ಗದ್ವಾಲ್ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಆ ವರ್ಷ ನವೆಂಬರ್ 1ರಂದು ಭಾಷೆ ನೋಡಿ ಗಡಿ ಹಾಕಿದರು. ಗಡಿ ಬಿದ್ದರೂ ಬೀಗರು, ಸಂತೆ, ಜಾತ್ರೆ, ಕನ್ನಡ ಮಾತು ಎರಡೂ ಕಡೆ ಉಳಿದವು. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ ಹೊಸ ರೈಲು ದಾರಿ ಉದ್ಘಾಟನೆಯಾಯಿತು. ಅದೇ ದಿನ ಕಾಚಿಗುಡ–ರಾಯಚೂರು ರೈಲು ಶುರುವಾಯಿತು.

ಹೀಗೆ ಹೋಗುವುದು ಸುಲಭವಾಗಿದೆ. ವಿಚಾರಿಸದೆ ಹೋಗುವುದೂ ಅಷ್ಟೇ ಸುಲಭವಾಗಿದೆ. ಅಲ್ಲೇ ಎಚ್ಚರ ಬೇಕು. ಗಡಿ ದಾಟಿದ ಮೇಲೆ ಮಾತು ಅದೇ ಇರಬಹುದು. ಆದರೆ ಸರಕಾರ ಬೇರೆ. ಕನಿಷ್ಠ ಕೂಲಿಯ ದರ ಬೇರೆ. ಕಾರ್ಮಿಕ ಇಲಾಖೆ ಬೇರೆ. ತೊಂದರೆ ಬಂದರೆ ಹೋಗಬೇಕಾದ ಠಾಣೆ, ಕಚೇರಿ ಎಲ್ಲವೂ ಬೇರೆ.

ಮೊದಲು ಕೆಲಸ ನೋಡಿ, ಆಮೇಲೆ ಹಣ

ನಮ್ಮಲ್ಲಿ ಬಹಳ ಮಂದಿ ಕೆಲಸ ನೋಡಿ ಹೋಗುವುದಿಲ್ಲ. ಮುಂಗಡ ನೋಡಿ ಹೋಗುತ್ತಾರೆ. ಮೇಸ್ತ್ರಿ ಮನೆಗೆ ಬರುತ್ತಾನೆ. ಕಷ್ಟದಲ್ಲಿರುವಾಗ 20 ಸಾವಿರವೋ 30 ಸಾವಿರವೋ ಕೈಯಲ್ಲಿಡುತ್ತಾನೆ. ಹಣ ಸಾಲಗಾರನಿಗೆ ಹೋಗುತ್ತದೆ, ಇಲ್ಲವೇ ಆಸ್ಪತ್ರೆಗೆ ಹೋಗುತ್ತದೆ. ಒಂದು ವಾರದಲ್ಲಿ ಲಾರಿಯೋ ಬಸ್ಸೋ ಬರುತ್ತದೆ. ಎಲ್ಲಿಗೆ ಹೋಗುತ್ತೇವೆ, ಏನು ಕೆಲಸ, ಯಾರ ಕೆಲಸ ಎಂದು ಕೇಳುವಷ್ಟರಲ್ಲಿ ಗಾಡಿ ಹೊರಟಿರುತ್ತದೆ.

ಎಲ್ಲ ಮೇಸ್ತ್ರಿಗಳೂ ಕೆಟ್ಟವರಲ್ಲ. ಬಹಳ ಕಡೆ ಅವನೂ ನಮ್ಮ ಊರಿನವನೇ, ಒಮ್ಮೊಮ್ಮೆ ನಮ್ಮ ಬಳಗದವನೇ. ಅವನೂ ದೊಡ್ಡ ಕಂತ್ರಾಟುದಾರನಿಂದ ಹಣ ತಂದಿರುತ್ತಾನೆ. ಕಂತ್ರಾಟುದಾರ ಕೈ ಎತ್ತಿದರೆ ಅವನೂ ಸಿಕ್ಕಿಬೀಳುತ್ತಾನೆ. ಅವನು ಒಳ್ಳೆಯವನಾದರೆ ನಿಮ್ಮ ಪ್ರಶ್ನೆಗೆ ಸಿಟ್ಟು ಮಾಡುವುದಿಲ್ಲ. ಕೇಳಿದ್ದಕ್ಕೆ ಸಿಟ್ಟು ಮಾಡಿದರೆ, ಅದೇ ನಿಮಗೆ ಸಿಕ್ಕ ಉತ್ತರ ಎಂದು ತಿಳಿಯಿರಿ.

ಒಬ್ಬ ಅಕ್ಕ ಹೀಗೆ ಕೇಳುತ್ತಾಳೆ ಎಂದು ಇಟ್ಟುಕೊಳ್ಳೋಣ.

"ಮೇಸ್ತ್ರಿ ಅಣ್ಣ, ಕೆಲಸ ಎಲ್ಲಿ?"

"ಬೆಂಗಳೂರಾಗ ಅಕ್ಕ."

"ಬೆಂಗಳೂರು ದೊಡ್ಡದದ. ಯಾವ ಏರಿಯಾ?"

"ಅಲ್ಲಿ ಇಳಿದ ಮ್ಯಾಲೆ ಗೊತ್ತಾಗ್ತದ."

"ಹಂಗಾದ್ರ ಗೊತ್ತಾದ ಮ್ಯಾಲೆ ಹೊರಡ್ತೀವಿ ಅಣ್ಣ."

ನೋಡ್ರಿ, ಆ ಅಕ್ಕ ಜಗಳ ಮಾಡಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಕೆಲಸದ ಜಾಗ ತಿಳಿಯದೆ ಮನೆ ಬಿಡುವುದಿಲ್ಲ ಎಂದಳು. ನೀವೂ ಹೀಗೇ ಕೇಳಬಹುದು.

ಕೇಳಬೇಕಾದ ಏಳು ಪ್ರಶ್ನೆಗಳು

ಈ ಏಳು ಪ್ರಶ್ನೆಗಳನ್ನು ನಿಮ್ಮ ನೋಟು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದೊಂದರ ಮುಂದೆ ಉತ್ತರ ಬರೆಯಲು ಜಾಗ ಬಿಡಿ.

1. ಕೆಲಸ ಏನು? ಗಾರೆ ಕೆಲಸವೋ, ಸೆಂಟ್ರಿಂಗ್ ಕೆಲಸವೋ, ಇಟ್ಟಿಗೆ ಭಟ್ಟಿಯೋ, ಕಬ್ಬು ಕಡಿಯುವುದೋ? 'ಏನೋ ಒಂದು ಕೆಲಸ' ಎಂಬುದು ಉತ್ತರವಲ್ಲ.

2. ಎಲ್ಲಿ? ಊರು, ಏರಿಯಾ, ಹತ್ತಿರದ ಬಸ್ ನಿಲ್ದಾಣ, ಪೊಲೀಸ್ ಠಾಣೆ.

3. ಯಾರ ಕೆಲಸ? ಮಾಲೀಕ ಅಥವಾ ಕಂಪನಿಯ ಹೆಸರು, ಕಂತ್ರಾಟುದಾರನ ಹೆಸರು, ಫೋನ್ ನಂಬರು.

4. ದಿನಕ್ಕೆ ಎಷ್ಟು ಕೂಲಿ, ಎಷ್ಟು ತಾಸು ಕೆಲಸ? ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು?

5. ತಿಂಗಳಲ್ಲಿ ಎಷ್ಟು ದಿನ ಕೆಲಸ ಗ್ಯಾರಂಟಿ?

6. ಬಟವಾಡೆ ಯಾವಾಗ? ಹಣ ಯಾರ ಕೈಗೆ, ಯಾರ ಖಾತೆಗೆ?

7. ಇರುವುದು ಎಲ್ಲಿ? ಶೆಡ್ಡಿನಲ್ಲಿ ನೀರು, ಕರೆಂಟು, ಪಾಯಖಾನೆ ಇದೆಯೇ? ಬಾಡಿಗೆ ಯಾರು ಕೊಡಬೇಕು?

ನಾಲ್ಕನೆಯ ಪ್ರಶ್ನೆಯ ಬಗ್ಗೆ ಅಕ್ಕಂದಿರಿಗೆ ಒಂದು ಮಾತು. ಒಂದೇ ಕೆಲಸ ಮಾಡುವ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಕೊಡಬೇಕು ಎಂದು 1976ರಲ್ಲೇ ಕಾಯ್ದೆ ಬಂತು. ಈಗಿನ ವೇತನ ಸಂಹಿತೆಯಲ್ಲೂ ಅದೇ ನಿಯಮ ಇದೆ. 'ಗಂಡ ಹೆಂಡತಿ ಜೋಡಿಗೆ ಇಷ್ಟು' ಎಂದು ಮೇಸ್ತ್ರಿ ಒಟ್ಟು ಹೇಳಿದರೆ, 'ಅದರಲ್ಲಿ ನನ್ನದೆಷ್ಟು?' ಎಂದು ಬಿಡಿಸಿ ಕೇಳಿ.

ಆರನೆಯ ಪ್ರಶ್ನೆಗೂ ಕಾಯ್ದೆಯ ಬಲ ಇದೆ. ದಿನಗೂಲಿಗೆ ಆ ದಿನದ ಕೆಲಸ ಮುಗಿದಾಗ ಕೂಲಿ ಕೊಡಬೇಕು. ವಾರದ ಕೂಲಿಯನ್ನು ವಾರದ ರಜೆಗೆ ಮೊದಲೇ ಕೊಡಬೇಕು. ತಿಂಗಳ ಪಗಾರವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. 'ಕೆಲಸ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇನೆ, ಅಲ್ಲಿಯವರೆಗೆ ಖರ್ಚಿಗೆ ಮಾತ್ರ' ಎಂದರೆ ಅದು ಕಾಯ್ದೆಯ ಮಾತಲ್ಲ.

ಊರಲ್ಲೇ ಕೂತು ಹುಡುಕುವುದು ಹೇಗೆ?

'ಊರಲ್ಲಿ ಕೂತವರಿಗೆ ಬೆಂಗಳೂರಿನ ಕೆಲಸ ಹೇಗೆ ತಿಳಿಯಬೇಕು?' ಎಂದು ನೀವು ಕೇಳಬಹುದು. ನಾಲ್ಕು ದಾರಿಗಳಿವೆ.

ಮೊದಲನೆಯದು, ಹೋಗಿ ಬಂದವರನ್ನು ಕೇಳುವುದು. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದವರ ಹತ್ತಿರ ಕೂತು ಮಾತಾಡಿ. 'ಚೆನ್ನಾಗಿದ್ದೀಯಾ?' ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದ್ದೇನೆ ಅಂತಾರೆ. ಹೊಸ ಅಂಗಿ, ಹೊಸ ಫೋನ್ ತೋರಿಸುತ್ತಾರೆ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. ಅದಕ್ಕೇ ಬಿಡಿಸಿ ಕೇಳಿ. 'ಹೋದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ಕೈಯಲ್ಲಿ ಎಷ್ಟು ಉಳಿಯಿತು? ಬಾಕಿ ಎಷ್ಟಿದೆ? ಅದೇ ಮೇಸ್ತ್ರಿಯ ಸಂಗಡ ಮತ್ತೆ ಹೋಗುತ್ತೀಯಾ?' ಕೊನೆಯ ಪ್ರಶ್ನೆಗೆ ಅವರು ಏನು ಹೇಳುತ್ತಾರೆ ನೋಡಿ. ಒಬ್ಬರನ್ನೇ ಕೇಳಬೇಡಿ. ಇಬ್ಬರು ಮೂವರನ್ನು ಕೇಳಿ.

ಎರಡನೆಯದು, ಮೊದಲು ಒಬ್ಬಿಬ್ಬರು ಹೋಗಿ ನೋಡುವುದು. ಹತ್ತು ಮನೆಯವರು ಹೋಗುವುದಿದ್ದರೆ ಹತ್ತೂ ಮನೆಗೆ ಒಟ್ಟಿಗೆ ಬೀಗ ಹಾಕಬೇಡಿ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಕೂಡಿಸಿ, ಓದು ಬರಹ ಬಲ್ಲ ಇಬ್ಬರನ್ನು ಕಳಿಸಿ. ಅವರು ಕೆಲಸದ ಜಾಗ ನೋಡಲಿ, ಶೆಡ್ಡು ನೋಡಲಿ, ಅಲ್ಲಿ ಈಗಾಗಲೇ ದುಡಿಯುವವರನ್ನು ಮಾತಾಡಿಸಲಿ. ಇಬ್ಬರ ಬಸ್ ಚಾರ್ಜು ಹತ್ತು ಮನೆಗೆ ಹಂಚಿದರೆ ದೊಡ್ಡ ಹಣವಲ್ಲ. ಹತ್ತು ಮನೆ ಹೋಗಿ ಬರಿಗೈಯಲ್ಲಿ ಬಂದರೆ ಆಗುವ ನಷ್ಟ ದೊಡ್ಡದು.

ಮೂರನೆಯದು, ಫೋನ್. ಕೆಲಸ ನಡೆಯುವ ಜಾಗದಲ್ಲಿ ಕಂಪನಿಯ ಹೆಸರಿನ ಬೋರ್ಡು ಇದ್ದರೆ ಅದರ ಫೋಟೊ ಕಳಿಸಲು ಹೇಳಿ. ಶೆಡ್ಡಿನ ಫೋಟೊ ಕೇಳಿ. ಕಂತ್ರಾಟುದಾರನ ಸಂಗಡ ನೀವೇ ಫೋನಿನಲ್ಲಿ ಮಾತಾಡಿ. ಕೂಲಿ ದರ ಮೇಸ್ತ್ರಿ ಒಂದು ಹೇಳಿ, ಕಂತ್ರಾಟುದಾರ ಇನ್ನೊಂದು ಹೇಳಿದರೆ ಅಲ್ಲೇ ತಿಳಿಯುತ್ತದೆ.

ನಾಲ್ಕನೆಯದು, ಸರಕಾರದ ಉದ್ಯೋಗ ಸೇವೆ. ಹತ್ತನೇ ತರಗತಿ, ಐಟಿಐ ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಈ ಮಾತು ಹೇಳಿ. ಜಿಲ್ಲಾ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬಹುದು. ಕೇಂದ್ರ ಸರಕಾರದ 'ನ್ಯಾಷನಲ್ ಕೆರಿಯರ್ ಸರ್ವಿಸ್' 2015ರಲ್ಲಿ ಶುರುವಾಯಿತು. ಅದರಲ್ಲಿ ಬೇರೆ ರಾಜ್ಯದ ಕೆಲಸಗಳನ್ನೂ ಊರಿನಿಂದಲೇ ನೋಡಬಹುದು. ಕೆಲಸ ಹುಡುಕುವವರು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. 'ಮೊದಲು ಐದು ಸಾವಿರ ಕಟ್ಟು, ಆಮೇಲೆ ಕೆಲಸ' ಎಂದು ಫೋನಿನಲ್ಲಿ ಹೇಳುವವರನ್ನು ನಂಬಬೇಡಿ. ಕೆಲಸ ಕೊಡುವವರು ದುಡಿದವರಿಗೆ ಹಣ ಕೊಡಬೇಕೇ ಹೊರತು ಅವರಿಂದ ಹಣ ಕೇಳಬಾರದು.

ಒಂದು ಲೆಕ್ಕ ಮಾಡೋಣ

ಈಗ ಪೆನ್ಸಿಲ್ ಹಿಡಿಯಿರಿ. ಇದು ತಿಳಿಯಲಿಕ್ಕೆ ಹಾಕಿದ ಲೆಕ್ಕ. ನಿಮ್ಮ ಲೆಕ್ಕದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ದೊಡ್ಡ ಊರಿನಲ್ಲಿ ದಿನಕ್ಕೆ 700 ರೂಪಾಯಿ ಕೂಲಿ ಎನ್ನೋಣ. ತಿಂಗಳಿಗೆ 24 ದಿನ ಕೆಲಸ. 700 ಗುಣಿಸು 24, ಅಂದರೆ 16,800 ರೂಪಾಯಿ. ಖರ್ಚು ಬರೆಯಿರಿ. ಬಾಡಿಗೆ 2,500. ಊಟ 4,500. ಬಸ್ಸು, ಔಷಧಿ 800. ಫೋನ್ 300. ಒಟ್ಟು 8,100. ಉಳಿಯುವುದು 8,700 ರೂಪಾಯಿ.

ಊರಿನಿಂದ ದಿನಾ ಹೋಗಿ ಬರುವ ಕೆಲಸ ಹತ್ತಿರದಲ್ಲೇ ಇದೆ ಎನ್ನೋಣ. ದಿನಕ್ಕೆ 450 ರೂಪಾಯಿ, ತಿಂಗಳಿಗೆ 20 ದಿನ. ಒಟ್ಟು 9,000. ಬಸ್ಸಿಗೆ ದಿನಕ್ಕೆ 60ರಂತೆ 1,200. ಮನೆಯಲ್ಲಿ ಒಬ್ಬರ ಊಟಕ್ಕೆ 2,000. ಉಳಿಯುವುದು 5,800 ರೂಪಾಯಿ.

ದೊಡ್ಡ ಊರಿಗೆ ಹೋದರೆ 2,900 ರೂಪಾಯಿ ಹೆಚ್ಚು ಉಳಿಯಿತು. ಹೋಗಬಹುದು ಅನಿಸುತ್ತದೆ. ಆದರೆ ದೊಡ್ಡ ಊರಿನಲ್ಲಿ 24 ದಿನದ ಬದಲು 18 ದಿನ ಮಾತ್ರ ಕೆಲಸ ಸಿಕ್ಕಿತು ಎನ್ನೋಣ. ಮಳೆ ಬಂತು, ಸಿಮೆಂಟು ಬರಲಿಲ್ಲ, ಕೆಲಸ ನಿಂತಿತು. 700 ಗುಣಿಸು 18, ಅಂದರೆ 12,600. ಖರ್ಚು ಮಾತ್ರ ಅಷ್ಟೇ, 8,100. ಉಳಿಯುವುದು 4,500. ಊರಿನ ಕೆಲಸಕ್ಕಿಂತ 1,300 ರೂಪಾಯಿ ಕಡಿಮೆ!

ಕೂಲಿಯ ದರ ಒಂದು ರೂಪಾಯಿಯೂ ಇಳಿದಿಲ್ಲ. ಕೆಲಸದ ದಿನ ಇಳಿಯಿತು, ಉಳಿತಾಯ ಅರ್ಧವಾಯಿತು. ಅದಕ್ಕೇ ನಾನು ಐದನೆಯ ಪ್ರಶ್ನೆಗೆ ಬಹಳ ತೂಕ ಕೊಡುತ್ತೇನೆ. 'ಕೂಲಿ ಎಷ್ಟು?' ಎಂದು ಎಲ್ಲರೂ ಕೇಳುತ್ತಾರೆ. 'ಎಷ್ಟು ದಿನ ಕೆಲಸ?' ಎಂದು ಕೇಳುವವರು ಕಡಿಮೆ. 'ಕೆಲಸ ಇಲ್ಲದ ದಿನ ಏನು ಕೊಡುತ್ತೀರಿ?' ಎಂಬುದನ್ನೂ ಅದಕ್ಕೆ ಸೇರಿಸಿ ಕೇಳಿ.

ಮುಂಗಡದ ಮಾತು

ಮುಂಗಡ ತೆಗೆದುಕೊಳ್ಳಲೇಬೇಕಾದರೆ ಸಣ್ಣದನ್ನು ತೆಗೆದುಕೊಳ್ಳಿ. ಎಷ್ಟು ದಿನದಲ್ಲಿ ತೀರುತ್ತದೆ ಎಂದು ಅಂದೇ ಲೆಕ್ಕ ಹಾಕಿ. ತಿಂಗಳಿಗೆ 4,500 ಉಳಿಯುವವರು 30,000 ಮುಂಗಡ ಪಡೆದರೆ ಉಳಿದದ್ದೆಲ್ಲ ಅದಕ್ಕೇ ಕಟ್ಟಿದರೂ ತೀರಲು ಏಳು ತಿಂಗಳಾಗುತ್ತದೆ. ಆ ಏಳು ತಿಂಗಳು ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಮನೆಯವರು ಮತ್ತೆ ಸಾಲ ಮಾಡುತ್ತಾರೆ. ಸಾಲ ತೀರಿಸಲು ಹೋದವರಿಗೆ ಎರಡು ಸಾಲ ಆಗುತ್ತದೆ.

ಕೊಟ್ಟ ಹಣ, ತಾರೀಖು, ಮುರಿದುಕೊಂಡ ಹಣ ಮೂರನ್ನೂ ಬರೆದಿಡಿ. ಮೇಸ್ತ್ರಿಯ ಪುಸ್ತಕದಲ್ಲಿ ಇರುವಂತೆ ನಿಮ್ಮ ಪುಸ್ತಕದಲ್ಲೂ ಇರಲಿ. ಅವನ ಸಹಿ ನಿಮ್ಮ ಪುಸ್ತಕದಲ್ಲಿ ಹಾಕಿಸಿಕೊಳ್ಳಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ನೀವು ಸಹಿ ಕಲಿತದ್ದು ಓದಿ ನೋಡಿ ಹಾಕುವುದಕ್ಕೆ. ಓದಿ ಸರಿ ಕಾಣದಿದ್ದರೆ ಹಾಕದೆ ಬಿಡುವುದಕ್ಕೂ ಹೌದು. ಆಧಾರ್ ಕಾರ್ಡು, ಎಟಿಎಂ ಕಾರ್ಡು ಯಾರ ಕೈಗೂ ಒತ್ತೆ ಕೊಡಬೇಡಿ. ಕೇಳಿದರೆ ಜೆರಾಕ್ಸ್ ಕೊಡಿ.

'ಮುಂಗಡ ತೀರುವವರೆಗೆ ಇಲ್ಲಿಂದ ಕದಲಬಾರದು' ಎಂದು ಯಾರೂ ಹೇಳುವಂತಿಲ್ಲ. ಸಾಲಕ್ಕಾಗಿ ಮನುಷ್ಯನನ್ನು ಕಟ್ಟಿಹಾಕಿ ದುಡಿಸಿಕೊಂಡರೆ ಅದು ಜೀತ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂದಿದೆ. ಹಾಗೆ ದುಡಿಸಿಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಜೀತದ ಸಾಲ ಕಾಯ್ದೆಯ ಪ್ರಕಾರ ಅಲ್ಲಿಗೇ ರದ್ದಾಗುತ್ತದೆ. ಹೀಗಾದರೆ ಆ ಜಿಲ್ಲೆಯ ಕಲೆಕ್ಟರ್ ಕಚೇರಿಗೆ ದೂರು ಕೊಡಬೇಕು. ಕರ್ನಾಟಕದಲ್ಲಿ ಅವರಿಗೆ ಜಿಲ್ಲಾಧಿಕಾರಿ ಅಂತಾರೆ. ಊರಲ್ಲಿರುವ ಮನೆಯವರು ಇಲ್ಲಿನ ಕಲೆಕ್ಟರಿಗೂ ತಿಳಿಸಬಹುದು.

ನಿಮ್ಮ ಹೆಸರು ಪಟ್ಟಿಯಲ್ಲಿ ಇರಲಿ

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್ ಆಯಿತು. ಬಸ್ಸು, ರೈಲು ನಿಂತವು. ದೇಶದ ಎಲ್ಲ ಕಡೆ ಕೂಲಿಕಾರರು ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರಿಗೆ ನಡೆದರು. ಯಾವ ಊರಿನಲ್ಲಿ ಯಾವ ರಾಜ್ಯದವರು ಎಷ್ಟು ಮಂದಿ ಇದ್ದಾರೆ ಎಂಬ ಸರಿಯಾದ ಪಟ್ಟಿ ಸರಕಾರದ ಹತ್ತಿರ ಇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಕ್ಕಿ ಮುಟ್ಟಿಸುವುದೂ ಕಷ್ಟವಾಯಿತು. ಆ ದಿನಗಳನ್ನು ನಾವು ಮರೆಯಬಾರದು.

ಆಮೇಲೆ 2021ರ ಆಗಸ್ಟ್ 26ರಂದು ಇ-ಶ್ರಮ್ ಶುರುವಾಯಿತು. 16ರಿಂದ 59 ವರ್ಷದೊಳಗಿನ ಕೂಲಿಕಾರರು ಇದರಲ್ಲಿ ಹೆಸರು ಬರೆಸಬಹುದು. ಆಧಾರ್, ಫೋನ್ ನಂಬರು, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹತ್ತಿರದ ಮೀ ಸೇವಾ ಅಥವಾ ಸಿಎಸ್‌ಸಿ ಕೇಂದ್ರದಲ್ಲಿ ಕೇಳಿ. 12 ಅಂಕಿಯ ನಂಬರು ಇರುವ ಕಾರ್ಡು ಸಿಗುತ್ತದೆ. ಹೊರಡುವ ಮೊದಲೇ ಮಾಡಿಸಿ.

ಹೊರ ರಾಜ್ಯಕ್ಕೆ ಹೋಗುವ ಕೂಲಿಕಾರರಿಗಾಗಿ 1979ರಲ್ಲಿ ಒಂದು ಕಾಯ್ದೆ ಬಂದಿತ್ತು. ಈಗ ಅದರ ಜಾಗದಲ್ಲಿ 2020ರ ಹೊಸ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ಕಂತ್ರಾಟುದಾರನ ಮೂಲಕ ಹೋದವರಿಗೆ ಮಾತ್ರ ಲೆಕ್ಕವಿತ್ತು. ಹೊಸದರಲ್ಲಿ ತಾವೇ ಹೋಗಿ ಕೆಲಸ ಹಿಡಿದವರೂ ವಲಸೆ ಕಾರ್ಮಿಕರೇ. ತಿಂಗಳಿಗೆ 18,000 ರೂಪಾಯಿವರೆಗೆ ದುಡಿಯುವವರಿಗೆ, 10 ಅಥವಾ ಹೆಚ್ಚು ವಲಸೆ ಕಾರ್ಮಿಕರು ಇರುವ ಕಡೆ, ಇದು ಅನ್ವಯಿಸುತ್ತದೆ. ಊರಿಗೆ ಹೋಗಿ ಬರುವ ಪ್ರಯಾಣದ ಭತ್ಯೆಯ ಮಾತೂ ಇದರಲ್ಲಿದೆ. ಕೆಲಸಕ್ಕೆ ಸೇರಿಸಿಕೊಂಡ ಪತ್ರ ಕೊಡಬೇಕು ಎಂದೂ ಈ ಸಂಹಿತೆ ಹೇಳುತ್ತದೆ. ಅದಕ್ಕೇ 'ಸೇರಿದ ಪತ್ರ ಕೊಡುತ್ತೀರಾ?' ಎಂದು ಕೇಳಲು ಅಂಜಬೇಡಿ. ಪತ್ರ ಕೈಗೆ ಬಂದರೆ ಓದಿ ನೋಡಿ. ಅದರಲ್ಲಿ ನಿಮ್ಮ ಹೆಸರು, ಕೆಲಸ, ಕೂಲಿ ಇದೆಯೇ ಎಂದು ಹುಡುಕಿ.

ರೇಷನ್ ಬಗ್ಗೆಯೂ ವಿಚಾರಿಸಿ. 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆ 2019ರಲ್ಲಿ ಶುರುವಾದಾಗ ಮೊದಲು ಸೇರಿದ ರಾಜ್ಯಗಳಲ್ಲಿ ತೆಲಂಗಾಣವೂ ಒಂದು. ಆಹಾರ ಭದ್ರತೆ ಕಾಯ್ದೆಯ ಪಟ್ಟಿಯಲ್ಲಿರುವ ಕಾರ್ಡಿಗೆ ಬೇರೆ ರಾಜ್ಯದ ರೇಷನ್ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಕಾರ್ಡಿಗೆ ಆಧಾರ್ ಜೋಡಿಸಿರಬೇಕು. ಅಲ್ಲಿರುವವರು ತಮ್ಮ ಪಾಲು ಅಲ್ಲಿ, ಊರಲ್ಲಿರುವವರು ಉಳಿದ ಪಾಲು ಇಲ್ಲಿ ತೆಗೆದುಕೊಳ್ಳಬಹುದು. ನಿಮ್ಮ ಕಾರ್ಡು ಆ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮೊದಲೇ ರೇಷನ್ ಡೀಲರ್ ಹತ್ತಿರ ಕೇಳಿ.

ಮಕ್ಕಳ ಮಾತು

ದೊಡ್ಡವರು ಗುಳೆ ಹೋದರೆ ಒಂದು ಹಂಗಾಮಿನ ಮಾತು. ಮಕ್ಕಳು ಹೋದರೆ ಅವರ ಇಡೀ ಬಾಳಿನ ಮಾತು. ಶೆಡ್ಡಿನಲ್ಲಿ ತಮ್ಮನನ್ನು ಆಡಿಸುತ್ತಾ ಕೂತ ಹುಡುಗಿಗೆ ಶಾಲೆ ತಪ್ಪುತ್ತದೆ. ಆಮೇಲೆ ಅವಳೂ ನಾಳೆ ಇದೇ ಕೇಂದ್ರಕ್ಕೆ, ನಲವತ್ತನೇ ವಯಸ್ಸಿಗೆ, ಅ ಆ ಕಲಿಯಲು ಬರಬೇಕಾಗುತ್ತದೆ. ನಿಮಗೆ ಆ ಕಷ್ಟ ಗೊತ್ತಿದೆ.

ಅಜ್ಜಿ ತಾತ ಇದ್ದರೆ ಮಕ್ಕಳನ್ನು ಊರಲ್ಲೇ ಬಿಡಿ. ಅವರ ಕೈಗೆ ಭಾರ ಆಗುವುದಾದರೆ ಹಾಸ್ಟೆಲ್ ಅನುಕೂಲ ಇದೆಯೇ ಎಂದು ಶಾಲೆಯ ಮೇಷ್ಟ್ರನ್ನು ಕೇಳಿ. ಕರೆದುಕೊಂಡೇ ಹೋಗಬೇಕಾದರೆ, ಕೆಲಸದ ಜಾಗಕ್ಕೆ ಹತ್ತಿರ ಯಾವ ಸರಕಾರಿ ಶಾಲೆ ಇದೆ ಎಂದು ಮೊದಲೇ ತಿಳಿಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ದೇಶದ ಎಲ್ಲ ಕಡೆ ಇದೆ. ಟಿಸಿ ಬಂದಿಲ್ಲ, ವರ್ಷದ ನಡುವೆ ಬಂದಿದ್ದೀರಿ ಎಂದು ಸರಕಾರಿ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಕನ್ನಡದಲ್ಲಿ ಓದುವ ಮಕ್ಕಳಿಗೆ ರಾಯಚೂರು, ಬೆಂಗಳೂರು ಕಡೆ ಕನ್ನಡ ಶಾಲೆಯೇ ಸಿಗುತ್ತದೆ. ಪುಣೆ, ಮುಂಬೈ ಕಡೆ ಹೋದರೆ ಹಾಗಲ್ಲ. ಊರು ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊರಡುವ ದಿನ

ಎಲ್ಲ ಕೇಳಿದಿರಿ, ಲೆಕ್ಕ ಮಾಡಿದಿರಿ, ಹೋಗುವುದು ಒಳ್ಳೆಯದು ಅನಿಸಿತು. ಆಗ ಧೈರ್ಯವಾಗಿ ಹೋಗಿ. ಹೊರಡುವ ದಿನ ಎರಡು ಚೀಟಿ ಬರೆಯಿರಿ. ಕೆಲಸದ ಜಾಗ, ಕಂಪನಿಯ ಹೆಸರು, ಕಂತ್ರಾಟುದಾರನ ಫೋನ್, ಮೇಸ್ತ್ರಿಯ ಫೋನ್, ಸಂಗಡ ಬರುವವರ ಹೆಸರು ಇಷ್ಟೂ ಇರಲಿ. ಒಂದು ಚೀಟಿ ಮನೆಯಲ್ಲಿಡಿ. ಇನ್ನೊಂದನ್ನು ಗ್ರಾಮ ಪಂಚಾಯಿತಿಯಲ್ಲಿ ಕೊಟ್ಟು ಹೋಗಿ. ತೊಂದರೆಯಾದರೆ ನಿಮ್ಮನ್ನು ಎಲ್ಲಿ ಹುಡುಕಬೇಕು ಎಂದು ಊರಿಗೆ ಗೊತ್ತಿರುತ್ತದೆ.

ವಾಪಸು ಬರುವ ಬಸ್ಸಿನ ಹಣವನ್ನು ಬೇರೆ ಕಟ್ಟಿ ಇಟ್ಟುಕೊಳ್ಳಿ. ಅದನ್ನು ಯಾವ ಖರ್ಚಿಗೂ ಮುಟ್ಟಬೇಡಿ. ಆ ಹಣ ಇದ್ದರೆ, ಹೇಳಿದ ಕೆಲಸ ಅಲ್ಲಿ ಇಲ್ಲದಿದ್ದಾಗ 'ನಾವು ಹೋಗ್ತೀವಿ' ಎಂದು ಹೇಳುವ ಧೈರ್ಯ ಇರುತ್ತದೆ.

ಕೆಲಸ ಶುರುವಾದ ದಿನದಿಂದ ನಿಮ್ಮ ಹಾಜರಿ ನೀವೇ ಬರೆಯಿರಿ. ತಾರೀಖು, ತಾಸು, ಬಂದ ಹಣ, ಮೂರೇ ಸಾಲು. ಸಂಜೆ ರೊಟ್ಟಿ ಬಡಿಯುವ ಮೊದಲು ಎರಡು ನಿಮಿಷದ ಕೆಲಸ. ಮುಂದೆ ಕೂಲಿಯ ಬಗ್ಗೆ ತಕರಾರು ಬಂದರೆ ಆ ಪುಸ್ತಕವೇ ನಿಮ್ಮ ಸಾಕ್ಷಿ.

ಕೆಲವು ನಂಬರುಗಳನ್ನು ಬರೆದುಕೊಳ್ಳಿ.

ಯಾವ ಅಪಾಯಕ್ಕೂ: 112
ಮಕ್ಕಳಿಗೆ ತೊಂದರೆಯಾದರೆ: 1098
ಪುಕ್ಕಟೆ ಕಾನೂನು ನೆರವಿಗೆ: 15100
ಇ-ಶ್ರಮ್ ವಿಚಾರಕ್ಕೆ: 14434
ಬೇರೆ ರಾಜ್ಯದಲ್ಲಿ ರೇಷನ್ ವಿಚಾರಕ್ಕೆ: 14445

ಈ ವಾರದ ಅಭ್ಯಾಸ

ಇವತ್ತು ಮನೆಗೆ ಹೋಗಿ ಏಳು ಪ್ರಶ್ನೆಗಳನ್ನು ನಿಮ್ಮ ಕೈಯಾರೆ ಬರೆಯಿರಿ. ಹೋದ ವರ್ಷ ಗುಳೆ ಹೋಗಿ ಬಂದವರೊಬ್ಬರ ಹತ್ತಿರ ಕೂತು ಅವರ ಉತ್ತರಗಳನ್ನು ಬರೆದುಕೊಂಡು ಬನ್ನಿ. ಯಾರ ಹೆಸರೂ ಬರೆಯಬೇಕಾಗಿಲ್ಲ. ಊರು, ಕೆಲಸ, ಕೂಲಿ, ದಿನ, ಉಳಿದ ಹಣ ಸಾಕು. ಮುಂದಿನ ವಾರ ಎಲ್ಲರ ಪುಸ್ತಕ ಒಟ್ಟಿಗೆ ಇಟ್ಟು ಓದೋಣ. ಯಾವ ಊರಿನ ಕೆಲಸ ಒಳ್ಳೆಯದು, ಯಾವುದು ಬರೀ ಮಾತು ಎಂದು ನಮ್ಮ ಕೇಂದ್ರದಲ್ಲೇ ತಿಳಿಯುತ್ತದೆ. ಈ ಸಲ ಮೇಸ್ತ್ರಿ ಊರಿಗೆ ಬರುವಷ್ಟರಲ್ಲಿ ನಮ್ಮ ಹತ್ತಿರವೂ ಒಂದು ಪುಸ್ತಕ ತಯಾರಿರಲಿ.